ಗಂಗಕ್ಕ ಆರಿಸಿದ ಕಾವಲು

ನಮ್ಮ ಊರಿನಲ್ಲಿ ಬೀಗ ನಿಲ್ಲುವುದಿಲ್ಲ. ಹಾಕಿದವನು ಬೆನ್ನು ತಿರುಗಿಸುವುದರೊಳಗೆ ಬಾಯಿ ಬಿಟ್ಟುಕೊಂಡು ನೇತಾಡುತ್ತಿರುತ್ತದೆ. ಚಿಲಕ ಏರಿಸಿದರೆ ತಾನೇ ಇಳಿಯುತ್ತದೆ, ಅಗುಳಿ ಸರಿಸಿದರೆ ಹಿಂದಕ್ಕೆ ಸರಿಯುತ್ತದೆ, ಕದ ಮುಚ್ಚಿದರೆ ಸ್ವಲ್ಪ ಹೊತ್ತಿಗೆ ಒಂದು ಕೈಯಗಲ ತೆರೆದುಕೊಂಡು ನಿಲ್ಲುತ್ತದೆ. ಹೊರಗಿನಿಂದ ಸೊಸೆಯರಾಗಿ ಬಂದವರು ಮೊದಮೊದಲು ಕದಕ್ಕೆ ಅಕ್ಕಿ ಮೂಟೆ ಒತ್ತಿಟ್ಟು ನೋಡುತ್ತಾರೆ. ಮೂಟೆ ಪಕ್ಕಕ್ಕೆ ಜರುಗಿ ಕೂತಿರುತ್ತದೆ. ಆಮೇಲೆ ಅವರೂ ನಮ್ಮ ಹಾಗೆ ರೂಢಿ ಮಾಡಿಕೊಳ್ಳುತ್ತಾರೆ. ಸ್ನಾನಕ್ಕಿಳಿದವರು ಒಳಗಿನಿಂದ ಏನಾದರೊಂದು ಹಾಡು ಹೇಳುತ್ತಿರುತ್ತಾರೆ, ಹಾಡು ಕೇಳಿದರೆ ಯಾರೂ ಆ ಕಡೆ ಸುಳಿಯುವುದಿಲ್ಲ. ಚಿನ್ನದಂಗಡಿಯವರು ಸಂಜೆ ಮನೆಗೆ ಹೊರಡುವಾಗ ಇದ್ದಬದ್ದ ಸರ ಬಳೆಗಳನ್ನೆಲ್ಲ ಹೆಂಡತಿ ಮಕ್ಕಳ ಮೈಮೇಲೆ ಹೇರಿಕೊಂಡು ಹೋಗುತ್ತಾರೆ. ಇನ್ನೊಬ್ಬರ ಮನೆಗೆ ಹೋಗುವವರು ಹೊಸ್ತಿಲ ಆಚೆ ನಿಂತು ಕೆಮ್ಮುತ್ತಾರೆ, ಒಳಗಿದ್ದವರು ‘ಬನ್ನಿ’ ಅನ್ನುತ್ತಾರೆ. ಕೆಮ್ಮಿದವರಿಗೆ ‘ಬೇಡ’ ಅಂದದ್ದನ್ನು ನಾನು ಈ ವಯಸ್ಸಿನವರೆಗೂ ಕೇಳಿಲ್ಲ. ಕೆಮ್ಮದೆ ನುಗ್ಗಿದವನನ್ನು ಮಾತ್ರ ಊರು ಕ್ಷಮಿಸುವುದಿಲ್ಲ.

ಮುಚ್ಚದ ಕದಗಳ ಊರಿನಲ್ಲಿ ಎಲ್ಲರ ಮಾತೂ ಎಲ್ಲರಿಗೂ ಕೇಳಿಸುತ್ತದೆ. ಗಂಡ ಹೆಂಡತಿ ಜಗಳವಾಡಿದರೆ ಅಕ್ಕಪಕ್ಕದ ಮನೆಯವರು ಪಾತ್ರೆ ತೊಳೆಯುವ ಸದ್ದು ಜಾಸ್ತಿ ಮಾಡುತ್ತಾರೆ. ಕೇಳಿಸಿದ್ದನ್ನು ಕೇಳಿಸದ ಹಾಗೆ ಇರುವುದನ್ನು ನಾವು ಮಕ್ಕಳಿಗೆ ಅಕ್ಷರಾಭ್ಯಾಸಕ್ಕೆ ಮುಂಚೆಯೇ ಕಲಿಸುತ್ತೇವೆ. ಆ ವಿದ್ಯೆಯಲ್ಲಿ ನಮ್ಮಕ್ಕ ಶಿವಗಂಗೆಯನ್ನು ಮೀರಿಸಿದವರು ಊರಿನಲ್ಲಿ ಇರಲಿಲ್ಲ. ಊರಿಗೆಲ್ಲ ಅವಳು ಗಂಗಕ್ಕ. ನಮ್ಮ ತಾಯಿ ಬೇಗ ಹೋದರು, ನನ್ನನ್ನು ಸಾಕಿದವಳು ಅವಳೇ. ಬಂದ ಗಂಡುಗಳಿಗೆಲ್ಲ ತಂಗಿ ಒಂದು ದಡ ಸೇರಲಿ ಎಂದು ಹೇಳಿ ಕಳಿಸಿದಳು. ನಾನು ಓದಿ ಹೆಣ್ಣುಮಕ್ಕಳ ಶಾಲೆಯಲ್ಲಿ ಮೇಡಂ ಆಗಿ, ಮದುವೆಯಾಗಿ ಹಿಂದಿನ ಓಣಿಗೆ ಹೋಗುವ ಹೊತ್ತಿಗೆ ಅವಳ ತಲೆಯಲ್ಲಿ ಬಿಳಿಕೂದಲು ಇಣುಕಿತ್ತು. ಆಮೇಲೆ ಯಾರೂ ಕೇಳಿಕೊಂಡು ಬರಲಿಲ್ಲ, ಅವಳೂ ಆ ಮಾತೆತ್ತಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನು ಹಾಕಿಕೊಂಡು ರವಿಕೆ ಹೊಲಿಯುತ್ತಿದ್ದಳು. ಅಳತೆ ಕೊಡಲು ಬಂದ ಹೆಂಗಸರು ಮನಸ್ಸಿನಲ್ಲಿದ್ದದ್ದನ್ನೆಲ್ಲ ಅಲ್ಲಿ ಬಿಚ್ಚಿಟ್ಟು ಹೋಗುತ್ತಿದ್ದರು. ಅದರಲ್ಲಿ ಒಂದೇ ಒಂದು ಮಾತು ಆ ಕೋಣೆಯಿಂದ ಹೊರಗೆ ಬಂದದ್ದಿಲ್ಲ, ನನ್ನವರೆಗೂ ಬಂದದ್ದಿಲ್ಲ.

ಇಂಥ ಊರಿಗೆ ಮೊಬೈಲ್ ಫೋನು ಬಂದಾಗ ಏನಾಗಿರಬೇಕು ನೀವೇ ಊಹಿಸಿ. ಅದಕ್ಕೂ ಒಂದು ಬೀಗ ಇರುತ್ತದೆ, ಬೆರಳಲ್ಲಿ ಗೆರೆ ಎಳೆದರೆ ಮಾತ್ರ ತೆರೆಯುತ್ತದೆ ಎಂದಾಗ ಯಾರೂ ನಂಬಲಿಲ್ಲ. ಆ ಬೀಗ ನಿಂತಿತು. ಮುಚ್ಚಿದರೆ ಮುಚ್ಚಿಕೊಂಡೇ ಇರುವ ವಸ್ತುವೊಂದನ್ನು ನಮ್ಮವರು ಮೊದಲ ಸಲ ಕೈಯಲ್ಲಿ ಹಿಡಿದದ್ದು ಆಗಲೇ. ಮುದುಕಿಯರು ಜಗುಲಿಯ ಮೇಲೆ ಕೂತು ಸುಮ್ಮಸುಮ್ಮನೆ ಬೀಗ ತೆಗೆದು ಹಾಕಿ ಮಾಡುತ್ತಿದ್ದರು. ಬರೀ ಮಾತಾಡಲು ಕೊಂಡ ಫೋನು ನೋಡನೋಡುತ್ತಲೇ ನಮ್ಮ ಒಳಮನೆಯಾಯಿತು. ಬಾಯಲ್ಲಿ ಆಡಲಾಗದ್ದನ್ನು ಜನ ಅದರಲ್ಲಿ ಬರೆದರು. ಒಂದೇ ಸೂರಿನಡಿ ಇರುವ ಗಂಡ ಹೆಂಡತಿ ಅಡುಗೆಮನೆಯಿಂದ ನಡುಮನೆಗೆ ಮೆಸೇಜು ಕಳಿಸಿದರು.

ವೀರಯ್ಯನವರ ವಿಷಯ ಹೇಳಬೇಕು. ಅವರ ಮನೆ ನಮ್ಮಕ್ಕನ ಮನೆಗೆ ಎದುರು ಸಾಲಿನಲ್ಲೇ. ಊರಿನಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್ ಇದ್ದಾಗ ಅವರು ಅಲ್ಲಿ ಆಪರೇಟರ್ ಆಗಿದ್ದರು. ಯಾರಿಗೆ ಎಲ್ಲಿಂದ ಕರೆ ಬಂತು, ಯಾರು ಫೋನಿನಲ್ಲಿ ಅತ್ತರು, ಯಾರು ಬೈದರು ಎಲ್ಲ ಅವರ ಕಿವಿಯ ಮೇಲೆ ಹಾದುಹೋಗಿದ್ದವು. ಅವರೂ ನಮ್ಮಕ್ಕನ ಜಾತಿಯವರೇ, ತುಟಿ ಬಿಚ್ಚದವರು. ಹೆಂಡತಿ ಪಾರ್ವತಮ್ಮ ಮಾತಿನಲ್ಲಿ ಬಹಳ ಚುರುಕು. ಆಕೆ ಇರುವವರೆಗೆ ವೀರಯ್ಯನವರ ದನಿ ಬೀದಿಗೆ ಕೇಳಿಸಿದ್ದು ಕಡಿಮೆ. ಆಕೆ ತೀರಿಕೊಂಡ ಮೇಲೆ ಒಬ್ಬರೇ ಬೇಯಿಸಿಕೊಂಡು ಇದ್ದರು. ಒಬ್ಬಳೇ ಮಗಳು ಇಂದುಕಲಾ. ಅವಳನ್ನು ರೈಲು ನಿಲ್ಲುವ ದೊಡ್ಡ ಊರಿಗೆ ಕೊಟ್ಟಿದ್ದರು. ಅವಳ ಮದುವೆಯ ರವಿಕೆಗಳನ್ನು ಹೊಲಿದವಳು ನಮ್ಮಕ್ಕನೇ.

ಅಕ್ಕನಿಗೂ ವೀರಯ್ಯನವರಿಗೂ ನಡುವೆ ಶುರುವಾದದ್ದು ಹುಳಿಯಿಂದ. ವೀರಯ್ಯನವರು ಒಂದು ದಿನ, ಕೈ ತಪ್ಪಿಯೋ ಏನೋ, ಇವತ್ತು ಹುಳಿ ಚೆನ್ನಾಗಿ ಬಂತು ಎಂದು ಅಕ್ಕನಿಗೆ ಬರೆದು ಕಳಿಸಿದರು. ಬೆಲ್ಲ ಹಾಕಿದ್ರಾ ಎಂದು ಅಕ್ಕ ಕೇಳಿದಳು. ಅಲ್ಲಿಂದ ದಿನವೂ ಒಂದಿಷ್ಟು ಬರೆಯತೊಡಗಿದರು. ಬೀದಿಯಲ್ಲಿ ಎದುರಾದರೆ ಊಟ ಆಯ್ತಾ ಎಂಬಷ್ಟೇ ಮಾತು. ಫೋನಿನಲ್ಲಿ ಮಾತ್ರ ಇಡೀ ಬದುಕು. ಅಕ್ಕ ತನ್ನ ಕಾಲುನೋವಿನಿಂದ ಹಿಡಿದು ಮದುವೆಯಾಗದೆ ಉಳಿದ ಸಂಕಟದವರೆಗೂ ಬರೆದಳು. ಅವರು ತಮ್ಮ ಸಂಸಾರದ ಬಗ್ಗೆ, ಪಾರ್ವತಮ್ಮನ ಬಗ್ಗೆ, ಮಗಳ ಎದುರು ಎಂದೂ ಆಡಲಾಗದ್ದನ್ನೆಲ್ಲ ಬರೆದರು. ಇದನ್ನೆಲ್ಲ ಅಕ್ಕ ನನಗೆ ಹೇಳಿದ್ದು ಒಂದು ಮಧ್ಯಾಹ್ನ, ಹೊಲಿಗೆ ಮೆಷಿನ್ನು ತುಳಿಯುತ್ತಲೇ. ಸದ್ದಿನಲ್ಲಿ ಮಾತು ಬೀದಿಗೆ ಹೋಗದಿರಲಿ ಎಂದು ತುಳಿಯುತ್ತಿದ್ದಳು, ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ.

ಅವತ್ತು ಅವಳು ಹೇಳಬೇಕಾಗಿದ್ದದ್ದು ಬೇರೆಯೇ ಇತ್ತು. ಅದಕ್ಕೆ ಸ್ವಲ್ಪ ಮುಂಚೆ ವೀರಯ್ಯನವರು ಒಂದು ಮಾತು ಬರೆದಿದ್ದರು. ಎದುರುಬದುರು ಮನೆಯಲ್ಲಿ ಇಬ್ಬರು ಬೇರೆಬೇರೆ ಒಲೆ ಹಚ್ಚುವುದು ಯಾಕೆ, ಒಂದೇ ಒಲೆ ಸಾಲದೇ ಎಂದು. ಅಕ್ಕನಿಗೆ ಆಗ ಐವತ್ತೆರಡೋ ಐವತ್ತಮೂರೋ. ಅಷ್ಟು ವರ್ಷಗಳಲ್ಲಿ ಅವಳ ಮುಖ ಕೆಂಪಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಏನು ಉತ್ತರ ಕೊಟ್ಟೆ ಎಂದು ಕೇಳಿದೆ. ಇನ್ನೂ ಕೊಟ್ಟಿಲ್ಲ ಅಂದಳು.

“ಮನಸ್ಸಿಲ್ವೇನೆ?” ಅಂದೆ.

“ಮನಸ್ಸು ಇದೆ ಕಣೆ. ಈ ಫೋನ್‌ಗಳಿಗೆ ಏನೇನೋ ಹತ್ಕೊಳ್ತಾ ಇದೆಯಲ್ಲ, ಅದಕ್ಕೆ ಭಯ. ಅಂಥ ಮಾತು ಬರೆಯೋಕೆ ಮುಂಚೆ ಒಂದು ಗಟ್ಟಿ ಕಾವಲು ಹಾಕ್ಕೊಂಡ್ಬಿಡ್ತೀನಿ. ಆಮೇಲೆ ಬರೀತೀನಿ.”

ಅವಳ ಭಯಕ್ಕೆ ಕಾರಣವಿತ್ತು. ಆ ಬೇಸಿಗೆಯಲ್ಲಿ ಊರಿನ ಫೋನುಗಳಿಗೆ ಒಂದರ ಹಿಂದೆ ಒಂದಕ್ಕೆ ಕಾಯಿಲೆ ಹತ್ತಿತ್ತು. ಸುಮ್ಮನೆ ಇಟ್ಟಿದ್ದ ಫೋನು ದೋಸೆಕಲ್ಲಿನ ಹಾಗೆ ಕಾಯುತ್ತಿತ್ತು. ಮುಟ್ಟದೆಯೇ ಜಾಹೀರಾತುಗಳು ತೆರೆದುಕೊಳ್ಳುತ್ತಿದ್ದವು. ಅಕ್ಕನ ಬೀದಿಯ ಕೊಟ್ರಮ್ಮ ಗಂಡನಿಗೆ ಮಾತ್ರ ತೋರಿಸಲೆಂದು ತೆಗೆದುಕೊಂಡ ಒಂದು ಫೋಟೋ, ಅವಳು ಕೈಯಿಂದ ಮುಟ್ಟದೆಯೇ, ಮೈದುನನ ಫೋನಿಗೆ ಹೋಗಿ ಕೂತಿತ್ತು. ಆ ಹುಡುಗ ಒಳ್ಳೆಯವನು, ನೋಡಿಲ್ಲವೆಂಬಂತೆ ಅಳಿಸಿಹಾಕಿದ. ಆದರೂ ಕೊಟ್ರಮ್ಮ ಅಕ್ಕನ ಕೋಣೆಯಲ್ಲಿ ಕೂತು ಬಹಳ ಹೊತ್ತು ಅತ್ತಳು. ಬೀದಿಯ ಹೆಂಗಸರೆಲ್ಲ ಅಕ್ಕನ ಬೆನ್ನು ಹತ್ತಿದರು. ಗಂಗಕ್ಕ, ಇದಕ್ಕೆ ಏನೋ ಆಂಟಿವೈರಸ್ ಅಂತ ಹಾಕಿಸಬೇಕಂತೆ, ಯಾವುದು ಒಳ್ಳೇದು ಅಂತ ನೀನೇ ನೋಡಿ ಹೇಳು, ನೀನು ಹಾಕಿಸಿಕೊಂಡದ್ದನ್ನೇ ನಾವೂ ಹಾಕಿಸಿಕೊಳ್ಳುತ್ತೇವೆ ಎಂದರು.

ಗುಟ್ಟು ಕಾಯುವವಳಿಗೆ ಗುಟ್ಟು ಕಾಯುವ ಸಾಧನವನ್ನು ಆರಿಸುವುದೂ ಗೊತ್ತಿರುತ್ತದೆ ಎಂದುಕೊಂಡರು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಅಕ್ಕ ಆ ಕೆಲಸವನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟಿರುವ ಜಮೀರನನ್ನು ಕೇಳಿದಳು. ಅವನು, ಹೆಸರಿರುವ ಕಂಪನಿಯದ್ದೊಂದು ಇದೆ, ವರ್ಷಕ್ಕಿಷ್ಟು ಅಂತ ದುಡ್ಡು ಕಟ್ಟಬೇಕು, ಫೋನಿನಲ್ಲಿರುವ ಸ್ಟೋರಿನಿಂದಲೇ ಇಳಿಸಿಕೊಳ್ಳಬೇಕು, ಯಾರೋ ಕಳಿಸಿದ ಲಿಂಕಿನಿಂದ ಬೇಡ ಅಂದ. ಯಾಕೆ ಬೇಡ ಎಂದರೆ ಅವನಿಗೂ ಸರಿಯಾಗಿ ಹೇಳಲು ಬರಲಿಲ್ಲ. ತಾನು ಹೇಳಿದ್ದನ್ನು ಕೊಂಡರೆ ತನಗೇನೋ ಸಿಗುತ್ತದೆಂದು ಜನ ಅನುಮಾನಿಸುತ್ತಾರೆಂಬ ಸಂಕೋಚ ಬೇರೆ. ಅದೇ ವೇಳೆಗೆ ಊರಿನ ಎಲ್ಲ ಗ್ರೂಪುಗಳಲ್ಲೂ ಇನ್ನೊಂದು ಓಡಾಡುತ್ತಿತ್ತು. ಅದರ ಹೆಸರು ‘ಮನೆಕಾವಲು’. ದುಡ್ಡು ಬೇಡ. ಒಂದು ಲಿಂಕ್ ಒತ್ತಿದರೆ ಇಳಿದು ಬರುತ್ತಿತ್ತು. ಹತ್ತು ಜನರಿಗೆ ಕಳಿಸಿ, ಅವರನ್ನೂ ಕಾಪಾಡಿ ಎಂದು ಬರೆದಿತ್ತು.

ಅಕ್ಕ ತನ್ನ ಫೋನಿನಲ್ಲಿ ಒಂದನ್ನೂ ನನ್ನ ಫೋನಿನಲ್ಲಿ ಇನ್ನೊಂದನ್ನೂ ಹಾಕಿ ಅಕ್ಕಿ ಆರಿಸುವ ಹಾಗೆ ನೋಡಿದಳು. ಕಂಪನಿಯದ್ದು ಇಂಗ್ಲಿಷಿನಲ್ಲಿತ್ತು. ಬಂದು ಕೂತ ಮೇಲೆ ಒಂದೆರಡು ವಿಷಯ ಕೇಳಿ ಸುಮ್ಮನಾಯಿತು. ಕಾಂಟ್ಯಾಕ್ಟ್ ಬೇಕು ಅನ್ನಲಿಲ್ಲ, ಮೆಸೇಜ್ ನೋಡುತ್ತೇನೆ ಅನ್ನಲಿಲ್ಲ. ಮನೆಕಾವಲು ಹಾಗಲ್ಲ. ಅಚ್ಚ ಕನ್ನಡದಲ್ಲಿ, ಒಂದೊಂದಕ್ಕೂ ತಡೆದು ನಿಂತು, ನಮಸ್ಕಾರ ಹೇಳಿ ಕೇಳುತ್ತಿತ್ತು. ನಿಮ್ಮ ಸಂದೇಶಗಳನ್ನು ನೋಡಲು ದಯವಿಟ್ಟು ಅಪ್ಪಣೆ ಕೊಡಿ. ನಿಮ್ಮ ಚಿತ್ರಗಳಿರುವ ಕಡೆ ಬರಬಹುದೇ. ನಿಮ್ಮ ಬಳಗದವರ ನಂಬರುಗಳನ್ನು ನೋಡಬಹುದೇ. ನಿಮ್ಮ ಪರವಾಗಿ ಸಂದೇಶ ಕಳಿಸಲು ಒಪ್ಪಿಗೆಯೇ. ಪ್ರತಿ ಪ್ರಶ್ನೆಯ ಕೆಳಗೂ ‘ಒಪ್ಪಿಗೆ’ ಎಂದು ಒತ್ತುವ ಜಾಗ.

“ಇದು ನೋಡು, ಹೊಸ್ತಿಲ ಹತ್ರ ನಿಂತು ಕೇಳ್ಕೊಂಡು ಬರೋ ಮನುಷ್ಯನ ಥರ ಇದೆ,” ಅಂದಳು ಅಕ್ಕ. “ಆ ದುಡ್ಡಿಂದು ಏನೂ ಕೇಳದೆ ಮೂಲೇಲಿ ಕೂತ್ಕೊಂಡ್ಬಿಡ್ತು. ಅಂಥದ್ದನ್ನ ಹೆಂಗಮ್ಮಾ ನಂಬೋದು?”

ನನಗೂ ಅದು ಸರಿ ಅನ್ನಿಸಿತು. ಈಗ ಯೋಚಿಸಿದರೆ, ಬೇರೆ ಯಾವ ಊರಿನವರಿಗಾದರೂ ಆ ಪ್ರಶ್ನೆಗಳಲ್ಲಿ ಒಂದಾದರೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತೇನೋ. ಇಷ್ಟೆಲ್ಲ ನಿನಗೆ ಯಾಕೆ ಬೇಕು ಎಂದು ಕೇಳುತ್ತಿದ್ದರೇನೋ. ಕೇಳಿದವರಿಗೆ ಬನ್ನಿ ಅನ್ನುವುದನ್ನು ಬಿಟ್ಟು ನಮಗೆ ಬೇರೇನೂ ಗೊತ್ತಿರಲಿಲ್ಲ. ಹಾಕಿಕೊಳ್ಳುವ ಮುಂಚೆ ಫೋನು ತಾನಾಗಿಯೇ ಒಮ್ಮೆ ತಡೆದು, ಇದು ಎಲ್ಲಿಂದ ಬಂದದ್ದೋ ತಿಳಿಯದು, ಬೇಡ ಎಂದು ಕೆಂಪು ಅಕ್ಷರದಲ್ಲಿ ಹೇಳಿತ್ತು. ಹಾಗೆ ಹೇಳುತ್ತದೆ, ಹೆದರಬೇಡಿ, ಮುಂದಕ್ಕೆ ಹೋಗಿ ಎಂದು ಮನೆಕಾವಲಿನವರು ಮೊದಲೇ ಬರೆದಿದ್ದರು. ಅಕ್ಕ ಮುಂದಕ್ಕೆ ಹೋಗಿದ್ದಳು.

ಭಾನುವಾರ ಬೀದಿಯ ಹೆಂಗಸರೆಲ್ಲ ಹೊಲಿಗೆ ಕೋಣೆಯಲ್ಲಿ ಸೇರಿದರು. ಅಕ್ಕ ಕನ್ನಡಕ ಏರಿಸಿಕೊಂಡು ಒಂದೊಂದೇ ಫೋನು ತೆಗೆದುಕೊಂಡು, ಪ್ರತಿ ಪ್ರಶ್ನೆಯನ್ನೂ ಗಟ್ಟಿಯಾಗಿ ಓದಿ ಹೇಳಿ, ಅವರ ಕೈಯಲ್ಲೇ ಒಪ್ಪಿಗೆ ಒತ್ತಿಸಿದಳು. ಕೊಟ್ರಮ್ಮ ಚುರುಮುರಿ ಕಲಸಿಕೊಂಡು ಬಂದಿದ್ದಳು. ಮಧ್ಯೆ ವೀರಯ್ಯನವರೂ ಹೊಸ್ತಿಲಿನಲ್ಲಿ ಕೆಮ್ಮಿ ನಿಂತರು. ತಮ್ಮ ಫೋನನ್ನು ಎಲ್ಲರ ಎದುರು ಅಕ್ಕನ ಕೈಗೆ ಕೊಟ್ಟು, ನನ್ನದಕ್ಕೂ ಅದನ್ನೇ ಹಾಕಿಬಿಡಿ ಗಂಗಮ್ಮ ಅಂದರು. ಅಕ್ಕ ಅವರ ಮುಖ ನೋಡದೆ ಹಾಕಿಕೊಟ್ಟಳು. ಆ ಫೋನಿನಲ್ಲಿದ್ದ ಮಾತುಗಳಲ್ಲಿ ಅರ್ಧ ತನ್ನವೇ ಎಂದು ಅವಳಿಗೆ ಗೊತ್ತಿತ್ತಲ್ಲ. ಎಲ್ಲರೂ ನಿರಾಳವಾಗಿ ಮನೆಗೆ ಹೋದರು. ಅಂದಿನಿಂದ ಫೋನುಗಳು ಕಾಯುವುದು ನಿಂತಿತು, ಜಾಹೀರಾತು ನಿಂತಿತು. ಗಂಗಕ್ಕ ಹುಡುಕಿದ್ದು ಎಂದರೆ ಸುಮ್ಮನೆಯೇ ಎಂದು ಬೀದಿಯೆಲ್ಲ ಕೊಂಡಾಡಿತು.

ಕೆಲವು ದಿನ ಅಕ್ಕ ಕಾದಳು. ಎಲ್ಲವೂ ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆ ಒಂದು ಸಂಜೆ, ದೀಪ ಹಚ್ಚಿ ಬಂದು, ವೀರಯ್ಯನವರ ಮಾತಿಗೆ ಉತ್ತರ ಬರೆದಳು. ಬಹಳ ಬರೆದು ಬಹಳ ಅಳಿಸಿ ಕೊನೆಗೆ ಒಂದೇ ಪದ ಉಳಿಸಿಕೊಂಡಳಂತೆ. ‘ಆಗಲಿ’.

ಅದೇ ದಿನ ಬೆಳಿಗ್ಗೆ ಇಂದುಕಲಾ ತಂದೆಗೆ ಫೋನು ಮಾಡಿದ್ದು ಅಕ್ಕನಿಗೆ ಗೊತ್ತಿರಲಿಲ್ಲ. ತಂದೆಯ ನಂಬರಿನಿಂದ ಮಗಳಿಗೆ ಒಂದು ಮೆಸೇಜು ಹೋಗಿತ್ತು. ‘ಪಾರ್ವತಿ ಹೋದ ದಿನ ಮನೆ ಹಗುರಾಯಿತು ಅನ್ನಿಸಿತು’ ಎಂದಿತ್ತು. ಕೆಳಗೆ, ಮುಂದಿನದನ್ನು ಓದಲು ಇಲ್ಲಿ ಒತ್ತಿ. ಅದು ವೀರಯ್ಯನವರು ಅಕ್ಕನಿಗೆ ಎಂದೋ ಬರೆದದ್ದು. ಮನೆಕಾವಲು ಒಳಗಿದ್ದದ್ದನ್ನೆಲ್ಲ ಓದಿ, ಜನ ಒತ್ತದೆ ಇರಲಾರದಂಥ ಸಾಲುಗಳನ್ನು ಹೆಕ್ಕಿ, ತುಂಡು ಮಾಡಿ, ಬಳಗಕ್ಕೆಲ್ಲ ಹಂಚುವ ಕೆಲಸ ಶುರುಮಾಡಿತ್ತು. ಒತ್ತಿದವರ ಫೋನಿನಲ್ಲೂ ಅದು ಹೋಗಿ ಕೂರುತ್ತಿತ್ತು. ಇಂದುಕಲಾ ಒತ್ತಲಿಲ್ಲ. ಅವಳಿಗೆ ಆ ಒಂದು ಸಾಲೇ ಸಾಕಾಗಿತ್ತು. ಫೋನು ಮಾಡಿ ಏನು ಕೇಳಿದಳೋ, ವೀರಯ್ಯನವರು ಏನು ಹೇಳಿದರೋ, ಆ ಮಾತು ಮಾತ್ರ ಯಾರ ಕಿವಿಗೂ ಬೀಳಲಿಲ್ಲ. ಅವರು ಫೋನು ಆರಿಸಿ ಚೀಲಕ್ಕೆ ಹಾಕಿಕೊಂಡು ಮೊದಲ ಬಸ್ಸಿಗೆ ಮಗಳ ಊರಿಗೆ ಹೊರಟುಹೋದರು. ಒಲೆಯ ಮೇಲಿಟ್ಟ ಹಾಲನ್ನು ಪಕ್ಕದ ಮನೆಯವರು ಹೋಗಿ ಇಳಿಸಬೇಕಾಯಿತು. ಹೊರಟದ್ದು ಅಕ್ಕನಿಗೂ ಗೊತ್ತಾಗಿತ್ತು, ಮಗಳನ್ನು ನೋಡಿಬರಲು ಹೋಗಿದ್ದಾರೆ ಎಂದಷ್ಟೇ ಅಂದುಕೊಂಡಿದ್ದಳು. ಅಕ್ಕನ ‘ಆಗಲಿ’ ಆರಿಹೋದ ಫೋನಿನ ಕಡೆಗೆ ಹೊರಟು ಎಲ್ಲಿಯೋ ನಿಂತಿತು.

ಅಲ್ಲಿಗೆ ತಲುಪದ ಮಾತು ಮರುದಿನ ಊರಿಗೆಲ್ಲ ತಲುಪಿತು. ಗಂಗಕ್ಕನ ನಂಬರಿನಿಂದ ‘ಆಗಲಿ’, ಕೆಳಗೆ ಒತ್ತುವ ಜಾಗ. ನನಗೂ ಬಂತು. ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದೆ, ಸಂಜೆಗೆ ಮಾವಿನಕಾಯಿ ತಂದುಕೊಡಲಾ ಎಂದು ಹಿಂದಿನ ದಿನ ಕೇಳಿದ್ದೆನಲ್ಲ, ಅದಕ್ಕೆ ಹೇಳಿರಬೇಕು ಎಂದುಕೊಂಡೆ. ಹಾಲಿನವನು ಅರ್ಧ ಲೀಟರ್ ಜಾಸ್ತಿ ತಂದಿಟ್ಟು ಹೋದ. ಕೈತುಂಬ ಕೆಲಸವಿದೆ ಎಂದು ಅಕ್ಕ ಹಿಂದೆ ಕಳಿಸಿದ್ದ ಮದುವೆಮನೆಯವರು ರವಿಕೆ ಬಟ್ಟೆಯ ಗಂಟನ್ನೇ ಹೊತ್ತು ತಂದರು. ನಮ್ಮ ಶಾಲೆಯ ಹೆಡ್‌ಮಿಸ್ಸು, ಯೂನಿಫಾರಂ ಹೊಲಿಯಲು ಅಂತೂ ಒಪ್ಪಿದಿರಲ್ಲ ಎಂದು ಸಂತೋಷಪಟ್ಟು ಬಂದರು. ಒಬ್ಬೊಬ್ಬರಿಗೂ ಅವಳ ಹತ್ತಿರ ಕೇಳಿ ಕಾಯುತ್ತಿದ್ದದ್ದು ಏನಾದರೊಂದು ಇತ್ತು, ಒಬ್ಬೊಬ್ಬರೂ ಅದು ತಮಗೇ ಬಂದದ್ದು ಅಂದುಕೊಂಡರು. ಅಕ್ಕ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಬಂದವರ ಮುಖವನ್ನೇ ನೋಡುತ್ತಿದ್ದಳು. ಯಾರಿಗೂ ಅಲ್ಲ ಎಂದು ಹೇಳಲಿಲ್ಲ. ಆ ಯೂನಿಫಾರಂಗಳನ್ನು ಕೊನೆಗೆ ಅವಳೇ ಹೊಲಿದುಕೊಟ್ಟಳು.

ನಗುವಂಥದ್ದು ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಬೇರೆಬೇರೆ ಸಾಲುಗಳು ಬರತೊಡಗಿದವು. ಅತ್ತೆಯ ಬಗ್ಗೆ ಸೊಸೆ ತವರಿಗೆ ಬರೆದದ್ದು ಅತ್ತೆಗೆ ಬಂತು. ಆಪರೇಷನ್ನಿಗೆ ಮುಂಚೆ ಒಬ್ಬ ತನ್ನ ಅಣ್ಣನಿಗೆ ಮಾತ್ರ ತಿಳಿಸಿದ್ದ ಕಾಯಿಲೆಯ ಹೆಸರು ಅವನ ಮಕ್ಕಳಿಗೆ ಬಂತು. ಕಿವಿಗೆ ಬಿದ್ದದ್ದನ್ನು ಬಿಟ್ಟುಬಿಡುವುದು ನಮಗೆ ಬರುತ್ತಿತ್ತು. ಆಡಿದ ಮಾತು ಗಾಳಿಯಲ್ಲಿ ಹೋಗುತ್ತದೆ, ಹೋಗಲಿ ಬಿಡು ಅನ್ನಬಹುದು. ಇವು ಕೈಯಲ್ಲಿ ಉಳಿಯುವ ಸಾಲುಗಳು, ತೆಗೆದಾಗಲೆಲ್ಲ ಅಲ್ಲೇ ಇರುತ್ತಿದ್ದವು. ಜನ ಮತ್ತೆಮತ್ತೆ ತೆಗೆದು ನೋಡಿದರು. ಪಾತ್ರೆಯ ಸದ್ದು ಅದಕ್ಕೆ ಉಪಯೋಗಕ್ಕೆ ಬರಲಿಲ್ಲ. ಕೊಟ್ರಮ್ಮ ಮಗುವನ್ನೆತ್ತಿಕೊಂಡು ತವರಿಗೆ ಹೋದವಳು ದೀಪಾವಳಿಯವರೆಗೂ ಬರಲಿಲ್ಲ.

ಜಮೀರ ಅಂಗಡಿ ಮುಚ್ಚಿಕೊಂಡು ಬಂದು ಬೀದಿಯಲ್ಲೇ ಕುರ್ಚಿ ಹಾಕಿ ಕೂತ. ಮನೆಕಾವಲನ್ನು ಕಿತ್ತು, ಫೋನುಗಳನ್ನು ಮೊದಲಿನಿಂದ ಖಾಲಿ ಮಾಡಿ, ಕಂಪನಿಯ ಆಂಟಿವೈರಸ್ಸನ್ನೇ ಸ್ಟೋರಿನಿಂದ ಹಾಕಿಕೊಟ್ಟ. ನಾನು ಆಗಲೇ ಹೇಳಿದ್ದೆ ಎಂಬ ಮಾತು ಅವನ ಬಾಯಲ್ಲಿ ಬರಲಿಲ್ಲ, ಅಷ್ಟರಮಟ್ಟಿಗೆ ದೊಡ್ಡವನು. ಅಕ್ಕನ ಸರದಿ ಬಂದಾಗ, ಒಳಗಿರೋ ಮೆಸೇಜೆಲ್ಲ ಹೋಗುತ್ತೆ ಅಕ್ಕ, ಬೇಕಾದ್ದೇನಾದ್ರೂ ಇದ್ಯಾ ಎಂದು ಕೇಳಿದ. ಅವಳು ಫೋನು ತೆಗೆದುಕೊಂಡು ಒಳಗೆ ಹೋಗಿ ಸ್ವಲ್ಪ ಹೊತ್ತು ಕೂತು ಬಂದು, ಏನೂ ಇಲ್ಲಪ್ಪ, ತೆಗೆದುಬಿಡು ಅಂದಳು.

ಅವಳನ್ನು ಯಾರೂ ದೂರಲಿಲ್ಲ. ದೂರಿದ್ದರೆ ಒಳ್ಳೆಯದಿತ್ತು ಎಂದು ಅವಳೇ ಒಮ್ಮೆ ಹೇಳಿದಳು. ಹೆಂಗಸರು ಅಳತೆ ಕೊಡಲು ಬರುತ್ತಿದ್ದರು, ಕೊಟ್ಟು ಹೋಗುತ್ತಿದ್ದರು. ಕೂತು ಮಾತಾಡುತ್ತಿರಲಿಲ್ಲ. ಹಳೆಯ ರವಿಕೆಯನ್ನೇ ಅಳತೆಗೆ ಕಳಿಸುವವರು ಹೆಚ್ಚಾದರು. ಎದುರು ಸಾಲಿನ ಮನೆಯ ಕದ ಒಂದು ಕೈಯಗಲ ತೆರೆದುಕೊಂಡು ನಿಂತೇ ಇತ್ತು, ಒಳಗೆ ಕತ್ತಲು. ವೀರಯ್ಯನವರು ಬರಲಿಲ್ಲ. ಅವರ ನಂಬರಿಗೆ ಮಾಡಿದರೆ ಫೋನು ಆರಿದೆ ಎಂದೇ ಹೇಳುತ್ತಿತ್ತು. ಮಳೆಗಾಲ ಕಳೆದ ಮೇಲೆ ಅಕ್ಕ, ನಾನು ಇಂದುಕಲಾನ ನೋಡ್ಕೊಂಡು ಬರ್ತೀನಿ, ನೀನೂ ಬಾ ಅಂದಳು. ಶಾಲೆಗೆ ರಜೆ ಹಾಕಿ ಹೊರಟೆ.

ಆ ಊರಿನಲ್ಲಿ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಇಂದುಕಲಾಳ ಮನೆಯ ಮುಂದೆ ನಿಂತಾಗ ಅಕ್ಕನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಬೆಲ್ಲು ಒತ್ತಿದವಳು ನಾನು. ಒಳಗೆ ಅಗುಳಿ ತೆಗೆದ ಸದ್ದಿಗೆ ಅವಳು ಬೆಚ್ಚಿದ್ದು ನನ್ನ ಕೈಗೆ ತಗುಲಿತು. ಇಂದುಕಲಾ ತಡೆದು ನೋಡಿ, ಆಮೇಲೆ ಒಳಗೆ ಕರೆದಳು. ಬೇಡವೆಂದರೂ ಅನ್ನ ಬಡಿಸಿದಳು. ವೀರಯ್ಯನವರು ಮೊಮ್ಮಗಳನ್ನು ಶಾಲೆಗೆ ಬಿಡಲು ಹೋಗಿದ್ದರು. ಊಟವಾಗುವವರೆಗೆ ಅಕ್ಕ ಏನೂ ಎತ್ತಲಿಲ್ಲ. ಕೈತೊಳೆದು ಬಂದು ಇಂದುಕಲಾಳ ಎದುರಿಗೆ ನೆಲದ ಮೇಲೆ ಕೂತಳು.

“ಆ ಕೆಟ್ಟದ್ದನ್ನ ನಿಮ್ಮಪ್ಪನ ಫೋನ್‌ಗೆ ಹಾಕಿದ್ದು ನಾನು ಕಣಮ್ಮ. ಅದು ನಿನಗೆ ಅರ್ಧ ಮಾತು ಮಾತ್ರ ಕಳಿಸ್ತು. ಅವರು ಬರೆದಿದ್ದು ಇನ್ನೂ ಇತ್ತು. ಮನೆ ಹಗುರಾಯಿತು ಅನ್ನಿಸಿತು, ಹಾಗನ್ನಿಸಿತಲ್ಲ ಅಂತ ಇಡೀ ದಿನ ಅತ್ತುಬಿಟ್ಟೆ ಅಂತ. ನನಗೆ ಬಾಯಿಪಾಠ ಆಗಿದೆ.”

ಇಂದುಕಲಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ತಂದೆಯೂ ಅದನ್ನೇ ಹೇಳಿದರು, ತಾನು ನಂಬಿದ್ದೇನೆ ಅಂದಳು. ಅಮ್ಮನ ನಾಲಿಗೆ ಎಂಥದ್ದೆಂದು ತನಗೆ ಗೊತ್ತಿಲ್ಲವೇ ಅಂದಳು.

“ಆದ್ರೂ ಗಂಗತ್ತೆ, ಮೊದಲನೇ ಮಾತು ಹೋಗಲ್ಲ. ಅಪ್ಪ ಊಟಕ್ಕೆ ಕೂತಾಗೆಲ್ಲ ಅದೇ ಕಾಣುತ್ತೆ. ಇವರನ್ನ ಒಬ್ಬರನ್ನೇ ಬಿಟ್ರೆ ಮತ್ತೆ ಎಲ್ಲಿ ಹಗುರ ಆಗ್ತಾರೋ ಅಂತ, ಇಲ್ಲೇ ಇರಿ ಅಂದಿದ್ದೀನಿ. ಇರ್ತಾರೆ ಪಾಪ. ನಾನು ಹೇಳಿದ ಹಾಗೆ ಇರ್ತಾರೆ.”

ಅಷ್ಟರಲ್ಲಿ ವೀರಯ್ಯನವರು ಬಂದರು. ಸೊರಗಿದ್ದರು. ನಮ್ಮನ್ನು ನೋಡಿ ಮುಖ ಅರಳಿತು, ತಕ್ಷಣ ಮಗಳ ಕಡೆ ನೋಡಿದರು. ಬೀದಿಯ ಸಮಾಚಾರ ಕೇಳಿದರು, ನಲ್ಲಿ ನೀರು ಸರಿಯಾಗಿ ಬರುತ್ತಿದೆಯಾ ಅಂದರು. ಫೋನನ್ನು ಮೊಮ್ಮಗಳ ಆಟಕ್ಕೆ ಕೊಟ್ಟಿದ್ದೇನೆ, ಸಿಮ್ಮಿಲ್ಲ ಅಂದರು. ಹೊರಡುವಾಗ ಇಂದುಕಲಾ ಒಂದು ಪೊಟ್ಟಣದಲ್ಲಿ ಚಕ್ಕುಲಿ ಕಟ್ಟಿಕೊಟ್ಟು ಅಕ್ಕನ ಕಾಲಿಗೆ ನಮಸ್ಕಾರ ಮಾಡಿದಳು. ಬಸ್ಸಿನವರೆಗೆ ಬಿಟ್ಟು ಬರುತ್ತೇನೆಂದು ವೀರಯ್ಯನವರು ಚಪ್ಪಲಿ ಮೆಟ್ಟಿಕೊಂಡರು.

ಬಸ್‌ಸ್ಟ್ಯಾಂಡಿನಲ್ಲಿ ನಾನು ಬೇಕೆಂದೇ ಸ್ವಲ್ಪ ದೂರ ನಿಂತೆ. ಆದರೂ ಮಾತು ಕೇಳಿಸಿತು. ಬಸ್ಸುಗಳ ಗಲಾಟೆಯಲ್ಲಿ ಅಕ್ಕ ದನಿ ಏರಿಸಿಯೇ ಮಾತಾಡಬೇಕಾಗಿತ್ತು.

“ನೀವು ಒಲೆ ವಿಷಯ ಕೇಳಿದ್ರಲ್ಲ. ನಾನು ಉತ್ತರ ಬರೆದಿದ್ದೆ.”

“ನನಗೆ ಬರಲಿಲ್ಲ,” ಅಂದರು ವೀರಯ್ಯನವರು. “ನಿಮಗೆ ಇಷ್ಟ ಇಲ್ಲ, ಹೇಳೋಕೆ ಸಂಕೋಚ ಅಂದ್ಕೊಂಡೆ.”

“ಆಗಲಿ ಅಂತ ಬರೆದಿದ್ದೆ. ಊರಿಗೆಲ್ಲ ಹೋಯ್ತು. ನಿಮಗೊಬ್ಬರಿಗೆ ಬಿಟ್ಟು.”

ಒಂದು ಬಸ್ಸು ಬಂದು ನಿಂತು ಹೋಯಿತು, ಅದು ನಮ್ಮದಲ್ಲ. ಯಾವತ್ತು ಬರೆದಿರಿ ಎಂದು ಅವರು ಕೇಳಿದರು. ಅಕ್ಕ ಹೇಳಿದಳು. ಅವತ್ತು ಬೆಳಿಗ್ಗೆಯೇ ತಾವು ಹೊರಟುಬಿಟ್ಟದ್ದು, ಅದಕ್ಕೆ ಮುಂಚೆ ವಾರಗಟ್ಟಲೆ ದಿನವೂ ಫೋನು ತೆಗೆದು ತೆಗೆದು ನೋಡಿದ್ದು ಎಲ್ಲ ಹೇಳಿದರು. ಇಷ್ಟು ದಿನ ಯಾಕೆ ತಡ ಮಾಡಿದಿರಿ ಅಂದರು. ಫೋನಿಗೆ ಕಾವಲು ಗಟ್ಟಿಯಾಗಲಿ ಎಂದು ಕಾಯುತ್ತಿದ್ದೆ ಎಂದಳು ಅಕ್ಕ. ಅವರಿಗೆ ಸಿಟ್ಟು ಬರಲಿಲ್ಲ. ಮಕ್ಕಳಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದರು.

“ಬೀದಿ ದಾಟಿ ಬಂದು ಹೇಳಿದ್ರೆ ಆಗ್ತಿತ್ತಲ್ಲ ಗಂಗಮ್ಮ. ನಾಲ್ಕು ಜನ ಕೇಳಿಸ್ಕೊಂಡಿದ್ರೆ ಕೇಳಿಸ್ಕೊಳ್ಳಲಿ ಬಿಡಿ. ನಾನು ಅಲ್ಲೇ ಜಗುಲಿ ಮೇಲೆ ಕೂತಿರ್ತಿದ್ದೆ.”

“ಈಗ ಹೇಳ್ತಾ ಇದೀನಲ್ಲ,” ಅಂದಳು ಅಕ್ಕ.

ಅವರು ಮಗಳ ಮನೆಯ ದಿಕ್ಕಿಗೆ ಒಮ್ಮೆ ನೋಡಿದರು. “ಮಗಳು ಈ ನಡುವೆ ನನ್ನ ಜೊತೆ ಒಂದೊಂದು ಮಾತಾಡ್ತಾ ಇದ್ದಾಳೆ,” ಅಂದರು. “ಈಗ ಎದ್ದು ಬಂದ್ರೆ ಅದೂ ನಿಂತುಹೋಗುತ್ತೆ.” ಅಕ್ಕ ತಲೆಯಾಡಿಸಿದಳು.

ನಮ್ಮ ಬಸ್ಸು ಬಂತು. ಅವರು ಅಕ್ಕನಿಗೆ ಕಿಟಕಿಯ ಪಕ್ಕದ ಸೀಟು ಹಿಡಿದು ಕೊಟ್ಟು ಕೆಳಗಿಳಿದರು. ಬಸ್ಸು ತಿರುಗುವವರೆಗೂ ನಿಂತಿದ್ದರು. ಅಕ್ಕ ಕಿಟಕಿಯಾಚೆ ನೋಡಲಿಲ್ಲ. ಇಂದುಕಲಾ ಕೊಟ್ಟ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದಳು. ಹಸಿವಾಗುತ್ತಿದೆಯಾ, ಒಂದು ಬಿಚ್ಚಿಕೊಡಲಾ ಎಂದು ದಾರಿಯಲ್ಲಿ ನಾನು ಕೇಳಿದೆ. ಬೇಡ ಎಂದಳು. ಬಸ್ಸಿನ ಕುಲುಕಾಟಕ್ಕೆ ಚಕ್ಕುಲಿಗಳು ಒಳಗೇ ಮುರಿಯುತ್ತಿರುವುದು ನನಗೆ ಕೇಳಿಸುತ್ತಿತ್ತು. ಅವಳು ಹಿಡಿತ ಸಡಿಲಿಸಲಿಲ್ಲ.